ವಜ್ರದ ಪೇಸ್ಟ್ ಹಾಕಿದರೂ ಲ್ಯಾಪ್‌ಟಾಪ್ ಯಾಕೆ ಸುಡುತ್ತದೆ?

ಮಡಿಕೇರಿಯಲ್ಲಿ ಮಳೆ ಹಿಡಿದರೆ ನನ್ನ ರಿಪೇರಿ ಅಂಗಡಿಗೆ ಬಿಸಿಯಾದ ಲ್ಯಾಪ್‌ಟಾಪ್‌ಗಳು ಬರಲು ಶುರು. "ಹೊರಗೆ ಇಷ್ಟು ಚಳಿ, ಇದು ಯಾಕೆ ಸುಡ್ತಿದೆ? ಆನ್‌ಲೈನಲ್ಲಿ ವಜ್ರದ ಪೇಸ್ಟ್ ಬೇರೆ ತರಿಸಿ ಹಾಕಿದ್ದೀನಿ" ಅಂತಾರೆ. ವಜ್ರದ ಪುಡಿ ಕಲಸಿದ ಈ ಪೇಸ್ಟನ್ನು ಲ್ಯಾಪ್‌ಟಾಪಿನ ಮುಖ್ಯ ಚಿಪ್ ಆದ ಪ್ರೊಸೆಸರ್, ಅದರ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್, ಇವೆರಡರ ನಡುವೆ ಬಳಿಯುತ್ತಾರೆ.

ಹೋದ ಜುಲೈನಲ್ಲಿ ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬಂದರು. ಬಿಚ್ಚಿದೆ. ಅಕ್ಕಿರೊಟ್ಟಿಗೆ ಬೆಣ್ಣೆ ಬಳಿದ ಹಾಗೆ ಪ್ರೊಸೆಸರ್ ಮೇಲೆ ಬೂದು ಪೇಸ್ಟ್, ಸುತ್ತಲೂ ಉಕ್ಕಿ ಹರಿದಿತ್ತು. "ದುಡ್ಡು ನೋಡ್ಲಿಲ್ಲ, ಪೂರ್ತಿ ಟ್ಯೂಬ್ ಹಾಕಿದ್ದೀನಿ" ಎಂದರು. ಪಾಪ, ಮಗಳ ಆನ್‌ಲೈನ್ ಪರೀಕ್ಷೆ ಹತ್ತಿರ ಇತ್ತು.

ವಜ್ರದ ಬಗ್ಗೆ ಕೇಳಿದ್ದು ಸುಳ್ಳಲ್ಲ. ಶಾಖ ಸಾಗಿಸುವ ಲೆಕ್ಕದಲ್ಲಿ (ಒಂದು ಮೀಟರಿಗೆ, ಒಂದು ಡಿಗ್ರಿಗೆ ಎಷ್ಟು ವಾಟ್ ಎಂದು) ತಾಮ್ರ ಸುಮಾರು 400 ಆದರೆ, ಒಳ್ಳೆಯ ವಜ್ರ 2000 ದಾಟುತ್ತದೆ. ಮೀಥೇನ್, ಹೈಡ್ರೋಜನ್ ಅನಿಲದಿಂದ ಬೆಳೆಸಿದ ವಜ್ರದ ಬಿಲ್ಲೆಯನ್ನು ಲೇಸರ್ ಚಿಪ್‌ಗಳ ಅಡಿಗೆ ಕೂರಿಸುತ್ತಾರೆ. ಆದರೆ ಅದು ಇಡೀ ಒಂದೇ ತುಂಡು. ಟ್ಯೂಬಿನಲ್ಲಿರುವುದು ಪುಡಿ, ಜಿಡ್ಡಿನಲ್ಲಿ ಕಲಸಿದ್ದು. ತೋಟದ ಕೆಸರು ದಾರಿಗೆ ಅಲ್ಲಲ್ಲಿ ಕಲ್ಲು ಹಾಕ್ತೀವಲ್ಲ, ಹಾಗೆ. ಕಲ್ಲು ಎಷ್ಟೇ ಗಟ್ಟಿ ಇರಲಿ, ಎರಡು ಕಲ್ಲಿನ ನಡುವೆ ಕಾಲು ಹೂತೇ ಹೋಗುತ್ತದೆ. ಅದಕ್ಕೇ ಒಳ್ಳೆಯ ಪೇಸ್ಟ್ ಕೂಡ ಸಾಮಾನ್ಯವಾಗಿ 10ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಾಗಾದರೆ ಪೇಸ್ಟ್ ಯಾಕೆ ಬೇಕು? ಪ್ರೊಸೆಸರ್ ಚಿಪ್ಪಿನ ಮೈ, ಹೀಟ್‌ಸಿಂಕ್ ತಾಮ್ರದ ಮೈ ಎರಡೂ ಕಣ್ಣಿಗೆ ನುಣುಪು. ನಿಜವಾಗಿ ಸಣ್ಣ ಸಣ್ಣ ಸಂದಿ ಇರುತ್ತವೆ. ಅಲ್ಲಿರುವ ಗಾಳಿಯ ಲೆಕ್ಕ 0.03 ಕೂಡ ಇಲ್ಲ. ಆ ಗಾಳಿಯನ್ನು ಹೊರಗೆ ತಳ್ಳುವುದಷ್ಟೇ ಪೇಸ್ಟಿನ ಕೆಲಸ. ಪೇಸ್ಟ್ ತಂಪು ಮಾಡುವುದಿಲ್ಲ. ದಪ್ಪ ಬಳಿದರೆ 400ರ ತಾಮ್ರಕ್ಕೂ ಚಿಪ್ಪಿಗೂ ನಡುವೆ ನೀವೇ 10ರ ಗೋಡೆ ಕಟ್ಟಿದ ಹಾಗೆ. ಲ್ಯಾಪ್‌ಟಾಪಿನ ಸಣ್ಣ ಚಿಪ್ಪಿಗೆ ಸಾಮಾನ್ಯವಾಗಿ ತೆಳ್ಳಗೆ ಒಂದು ಪದರ ಸಾಕು. ಇದನ್ನು ಎಷ್ಟು ಸಲ ಹೇಳಿದರೂ ಜನ ಜಾಸ್ತಿಯೇ ಹಾಕುತ್ತಾರೆ.

ಆ ದಿನ ನಿಜವಾದ ತೊಂದರೆ ಫ್ಯಾನ್ ಪಕ್ಕದಲ್ಲಿ ಸಿಕ್ಕಿತು. ಹೀಟ್‌ಸಿಂಕಿನ ತೆಳು ತಗಡುಗಳ ನಡುವೆ ಬೆರಳಗಲದ ಉಣ್ಣೆಯ ಪಟ್ಟಿ. ಚಿಮಟದಲ್ಲಿ ಎಳೆದರೆ ಒಂದೇ ತುಂಡಾಗಿ ಬಂತು. ಚಳಿಗೆ ಕಂಬಳಿ ಹೊದ್ದು, ಅದರ ಮೇಲೇ ಲ್ಯಾಪ್‌ಟಾಪ್ ಇಟ್ಟು ಓದುತ್ತಿದ್ದಳಂತೆ ಮಗಳು. ಮಳೆಗಾಲದಲ್ಲೇ ಯಾಕೆ ಸುಡುತ್ತದೆ ಎಂಬುದಕ್ಕೆ ನಾನು ಹೆಚ್ಚಾಗಿ ಕಾಣುವ ಕಾರಣ ಇದೇ. ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ವಜ್ರ ಏನು ಮಾಡೀತು? ಒಂದು ಮರದ ಹಲಗೆ ಅಡಿಗಿಡಿ ಅಂತ ಹೇಳಿ ಕಳಿಸಿದೆ.

ಈಗ ಕೆಲವರು ಪೇಸ್ಟಿನ ಬದಲು ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲ) ಹಾಳೆ ತರುತ್ತಿದ್ದಾರೆ. ಅದು ಅಡ್ಡಡ್ಡಕ್ಕೆ ಶಾಖ ಚೆನ್ನಾಗಿ ಹರಡುತ್ತದೆ, ಮೇಲಿಂದ ಕೆಳಕ್ಕೆ ಅಷ್ಟಿಲ್ಲ. ಕರೆಂಟನ್ನೂ ಹರಿಸುತ್ತದೆ. ಕತ್ತರಿಸುವಾಗ ಒಂದು ಚೂರು ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ದಯವಿಟ್ಟು ಅದನ್ನು ಮನೆಯಲ್ಲಿ ಮಾಡಬೇಡಿ. ವಾರಂಟಿ ಇನ್ನೂ ಇದ್ದರಂತೂ ಸ್ಕ್ರೂ ಕೂಡ ಮುಟ್ಟಬೇಡಿ.