ವಿಷದ ಹೊಗೆಯಿಂದ ಇಂಗಾಲದ ಲೆಕ್ಕದವರೆಗೆ: ಇಸಿಯು ನಡೆದು ಬಂದ ದಾರಿ

ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎಂಜಿನ್ ಎಷ್ಟೇ ಸುಧಾರಿಸಲಿ, ಈ ಲೆಕ್ಕ ಬದಲಾಗದು. ಆದ್ದರಿಂದ ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವು, ಅಂದರೆ ಇಸಿಯು, ಈ ಹಸಿರುಮನೆ ಅನಿಲವನ್ನು ತಗ್ಗಿಸಬೇಕಾದರೆ ಅಷ್ಟೇ ದೂರಕ್ಕೆ ಕಡಿಮೆ ಇಂಧನ ಸಾಲುವಂತೆ ಮಾಡಬೇಕು. ಆದರೆ ಅದು ವಾಹನಗಳೊಳಗೆ ಬಂದದ್ದು ಮುಖ್ಯವಾಗಿ ಬೇರೊಂದು ಕಾರಣಕ್ಕೆ.

ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಮಬ್ಬಿಗೆ ವಾಹನಗಳ ಹೊಗೆ ಮುಖ್ಯ ಕಾರಣವೆಂದು 1950ರ ದಶಕದಲ್ಲಿ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟ ಮೇಲೆ ಕ್ಯಾಲಿಫೋರ್ನಿಯದ ನಿಯಮಗಳು ಬಿಗಿಯಾಗುತ್ತ ಹೋದವು. 1967ರಲ್ಲಿ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರಿಗೆ ಬಂದಿತು. ಗಾಳಿಗೆ ಇಂಧನ ಬೆರೆಸುವ ಕಾರ್ಬುರೇಟರ್ ಇದ್ದ ಜಾಗದಲ್ಲಿ, ವಿದ್ಯುತ್ ಸಂಕೇತದಿಂದ ತೆರೆದು ಇಂಧನ ಚಿಮ್ಮಿಸುವ ಇಂಜೆಕ್ಟರುಗಳು ಕುಳಿತವು. ನಿಜವಾದ ತಿರುವು 1976ರದು. ಆ ವರ್ಷ ವೋಲ್ವೋ ಕಾರಿನಲ್ಲಿ ಬಂದ ಲ್ಯಾಂಬ್ಡಾ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಸಿಯುಗೆ ತಿಳಿಸುತ್ತದೆ, ಇಸಿಯು ಇಂಧನವನ್ನು ಹೆಚ್ಚುಕಡಿಮೆ ಮಾಡಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯ ಪ್ರಮಾಣವನ್ನು ಕಾಯುತ್ತದೆ. ಆ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ ಹೊಗೆಕೊಳವೆಯಲ್ಲಿ ಕುಳಿತು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಂಗಾಲದ ಮಾನಾಕ್ಸೈಡ್, ಉರಿಯದ ಇಂಧನ, ಸಾರಜನಕದ ಆಕ್ಸೈಡುಗಳು ಮೂರನ್ನೂ ಒಟ್ಟಿಗೆ ನಿವಾರಿಸಬಲ್ಲದು.

ಇಲ್ಲಿಯೇ ತೊಡಕಿರುವುದು. ಗಾಳಿ ಹೆಚ್ಚಿಸಿ ಇಂಧನ ಉಳಿಸಲು ಹೋದರೆ ಈ ಕನ್ವರ್ಟರಿನಿಂದ ಸಾರಜನಕದ ಆಕ್ಸೈಡುಗಳು ತಪ್ಪಿಸಿಕೊಳ್ಳುತ್ತವೆ. ಅದು ಮಾನಾಕ್ಸೈಡನ್ನು ಬದಲಿಸುವುದಾದರೂ ಡೈಆಕ್ಸೈಡ್ ಆಗಿಯೇ. ಉಸಿರಿಗೆ ಒಳ್ಳೆಯದಾದದ್ದು ಹವಾಮಾನಕ್ಕೂ ತಾನಾಗಿ ಒಳ್ಳೆಯದಾಗಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಹವಾಮಾನದ ಲೆಕ್ಕ ಕಾನೂನಿಗೆ ಬಂದದ್ದು ಬಹಳ ತಡವಾಗಿ. 2009ರಲ್ಲಿ ಯುರೋಪಿಯನ್ ಒಕ್ಕೂಟ ಹೊಸ ಕಾರುಗಳಿಗೆ ಕಿಲೋಮೀಟರಿಗೆ ಸರಾಸರಿ 130 ಗ್ರಾಂ ಡೈಆಕ್ಸೈಡಿನ ಗುರಿ ಇಟ್ಟಿತು. ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸುವುದು, ಕವಾಟಗಳು ತೆರೆಯುವ ವೇಳೆ ಬದಲಿಸುವುದು, ಸಿಲಿಂಡರಿಗೆ ನೇರವಾಗಿ ಇಂಧನ ಚಿಮ್ಮಿಸುವುದು, ಎಲ್ಲವೂ ಇಸಿಯುವಿನ ಪಾಲಿಗೆ ಬಂದವು. ಅದೇ ಇಸಿಯುವಿನ ತಂತ್ರಾಂಶ ಪರೀಕ್ಷೆಯನ್ನು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುತ್ತಿತ್ತೆಂಬ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ 2015ರಲ್ಲಿ ಬಯಲಾಯಿತು.

ಭಾರತದಲ್ಲಿ 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದು, ಹೆಚ್ಚಿನ ಹೊಸ ಬೈಕು ಸ್ಕೂಟರುಗಳಲ್ಲೂ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದಿತು. 2023ರಿಂದ ಕಾರುಗಳ ಹೊಗೆಯನ್ನು ರಸ್ತೆಯಲ್ಲಿ ಓಡಿಸಿಯೂ ಅಳೆಯಲಾಗುತ್ತಿದೆ. ಆದರೆ ಅಲ್ಲಿ ಮಿತಿ ಇರುವುದು ವಿಷಕಾರಿ ಮಾಲಿನ್ಯಕ್ಕೆ. ಕಾರುಗಳಿಗೆ 2022-23ರಿಂದ ಇಟ್ಟ, ಕಿಲೋಮೀಟರಿಗೆ ಸರಾಸರಿ 113 ಗ್ರಾಂ ಡೈಆಕ್ಸೈಡಿನ ಗುರಿಯನ್ನು ಅಳೆದದ್ದು ಪ್ರಯೋಗಾಲಯದ ರೋಲರುಗಳ ಮೇಲೆಯೇ.