ಒಕವಾಂಗೊ ನದಿಯ ಮರಳಿನ ಲೆಕ್ಕ

ಜಲಾಶಯಗಳ ಹೂಳನ್ನು ಅಳೆಯುವ ನಮ್ಮಂಥವರಿಗೆ ಹೂಳೆಂದರೆ ನಷ್ಟದ ಬಾಬ್ತು. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದದ್ದನ್ನೂ ನಾವು ಹಾಗೆಯೇ ಓದುತ್ತೇವೆ. ಅಲ್ಲಿ ನಿಂತ ಮಣ್ಣು, ಮರಳು ಕೆಳಗೆ ಎಲ್ಲಿಗೆ ತಲುಪಬೇಕಿತ್ತು ಎಂದು ಕೇಳುವುದು ಕಡಿಮೆ. ಆ ಪ್ರಶ್ನೆಯನ್ನು ಕೇಳಲೇಬೇಕಾದ ಜಾಗವೆಂದರೆ ಬೋಟ್ಸ್ವಾನಾದ ಒಕವಾಂಗೊ ಮುಖಜಭೂಮಿ.

ಅಂಗೋಲಾದ ಎತ್ತರದ ನಾಡಿನಲ್ಲಿ ಕುಬಾಂಗೊ, ಕುಯಿಟೊ ಎಂಬ ಎರಡು ಹೊಳೆಗಳಾಗಿ ಹುಟ್ಟಿ, ನಮೀಬಿಯಾದ ಕಿರಿದಾದ ಪಟ್ಟಿಯೊಂದನ್ನು ದಾಟಿ ಬರುವ ಈ ನದಿ ಸಮುದ್ರ ಸೇರುವುದೇ ಇಲ್ಲ. ಕಲಹರಿಯ ಮರಳಿನ ಮೇಲೆ ಬೀಸಣಿಗೆಯಂತೆ ಹರಡಿ ಅಲ್ಲಿಯೇ ಮುಗಿಯುತ್ತದೆ. ವರ್ಷಕ್ಕೆ ಹರಿದು ಬರುವ ನೀರು ಸುಮಾರು 10 ಘನ ಕಿಲೋಮೀಟರ್, ಅಂದರೆ 350 ಟಿಎಂಸಿ ಅಡಿ. ಅದರಲ್ಲಿ ಶೇ 95ಕ್ಕೂ ಹೆಚ್ಚು ಆವಿಯಾಗುತ್ತದೆ. ಉಳಿದ ಲವಣದಿಂದ ಇಡೀ ಪ್ರದೇಶ ಎಂದೋ ಚೌಳಾಗಬೇಕಿತ್ತು. ಆಗಿಲ್ಲ. ಗೆದ್ದಲ ಹುತ್ತಗಳ ಸುತ್ತ ಬೆಳೆದ ದ್ವೀಪಗಳ ಅಂಚಿನ ಮರಗಳು ನೀರನ್ನು ಹೀರುತ್ತ ಲವಣವನ್ನು ದ್ವೀಪದ ನಡುವಿನ ನೆಲದಡಿಗೆ ಸರಿಸುವುದರಿಂದ ಸುತ್ತಲಿನ ನೀರು ಸಿಹಿಯಾಗಿಯೇ ಉಳಿಯುತ್ತದೆ.

ಈ ಉಪಾಯಕ್ಕೂ ಮಿತಿಯಿದೆ, ಅಲ್ಲಿ ಮರಳು ನೆರವಿಗೆ ಬರುತ್ತದೆ. ವರ್ಷಕ್ಕೆ ಸುಮಾರು 1,70,000 ಟನ್ ಮರಳು ನದಿಯ ತಳದಲ್ಲಿ ಉರುಳಿಕೊಂಡು ಬರುತ್ತದೆ. ದಡದ ಪ್ಯಾಪಿರಸ್ ಜೊಂಡು ನೀರನ್ನು ಪಕ್ಕಕ್ಕೆ ಸೋರಗೊಟ್ಟು ಮರಳನ್ನು ಒಳಗೇ ತಡೆಯುವುದರಿಂದ ಕವಲಿನ ತಳ ಏರುತ್ತ ಹೋಗಿ, ಕೊನೆಗೊಮ್ಮೆ ದಾರಿ ಕಟ್ಟಿಕೊಂಡು, ನೀರು ಬೇರೆಡೆಗೆ ಹೊರಳುತ್ತದೆ. ಪಶ್ಚಿಮದ ತಾವೊಗೆ ಕವಲು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬತ್ತತೊಡಗಿದ್ದು ಹೀಗೆ. ನೀರು ತೊರೆದ ನೆಲದಲ್ಲಿ ಜೊಂಡಿನ ಕೊಳೆಮಣ್ಣು ಒಣಗಿ ಉರಿಯುತ್ತದೆ, ಕೂಡಿಬಿದ್ದ ಲವಣವನ್ನು ಮಳೆ ಆಳಕ್ಕೆ ಇಳಿಸುತ್ತದೆ. ರೈತ ಹೊಲವನ್ನು ಬೀಳು ಬಿಡುವಂತೆ ನದಿ ತನ್ನ ನೆಲವನ್ನು ಸರದಿಯಂತೆ ಬೀಳು ಬಿಡುತ್ತದೆ ಎನ್ನಬಹುದು.

1990ರ ದಶಕದಲ್ಲಿ ನದಿದಂಡೆಯ ರುಂಡು ಪಟ್ಟಣದಿಂದ ರಾಜಧಾನಿ ವಿಂಡ್‌ಹುಕ್ ಕಡೆಗೆ ನೀರೊಯ್ಯಲು ನಮೀಬಿಯಾ ಯೋಚಿಸಿದ್ದ ಕೊಳವೆಮಾರ್ಗ ಒಟ್ಟು ಹರಿವಿನ ಶೇ 1ರಷ್ಟನ್ನೂ ಕೇಳಿರಲಿಲ್ಲ. ಆದರೂ ದೊಡ್ಡ ಗದ್ದಲವೆದ್ದಿತು. ನಮೀಬಿಯಾದಲ್ಲೇ ಇದೇ ನದಿಯ ಪೋಪಾ ಜಲಪಾತದ ಬಳಿ 2003ರ ಸುಮಾರಿಗೆ ಪರಿಶೀಲಿಸಿದ ಕಿರು ಜಲವಿದ್ಯುತ್ ಯೋಜನೆಯಾದರೋ ನೀರನ್ನು ಬಳಸದೆ ಹಾಗೆಯೇ ಮುಂದೆ ಬಿಡುವಂಥದು. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಅಪಾಯಕಾರಿಯಾಗಿದ್ದುದು ಇದೇ. ಒಡ್ಡಿನ ಹಿಂದೆ ಮರಳು ನಿಂತರೆ ಕೆಳಗೆ ಬರುವ ತಿಳಿನೀರು ತಳವನ್ನೇ ಕೊರೆಯುತ್ತದೆ, ಕವಲುಗಳು ಆಳವಾಗುತ್ತವೆ, ನೀರು ಪಕ್ಕಕ್ಕೆ ಉಕ್ಕುವುದು ತಗ್ಗುತ್ತದೆ, ಸರದಿ ತಪ್ಪುತ್ತದೆ. ಯೋಜನೆ ಕೈಗೂಡಲಿಲ್ಲವೆಂಬುದು ಸಮಾಧಾನ.

ಒಕವಾಂಗೊ ಮುಖಜಭೂಮಿ 2014ರಲ್ಲಿ ಯುನೆಸ್ಕೊದ 1000ನೆಯ ವಿಶ್ವ ಪರಂಪರೆಯ ತಾಣವಾಯಿತು. ಆದರೆ ಆ ರಕ್ಷಣೆಯ ಗಡಿ ಬೋಟ್ಸ್ವಾನಾದೊಳಗೇ ನಿಲ್ಲುತ್ತದೆ, ಹರಿವಿನ ಬಹುಪಾಲು ಅಂಗೋಲಾದ್ದು. 2002ರಲ್ಲಿ ಅಂತರ್ಯುದ್ಧ ಮುಗಿಸಿಕೊಂಡ ಆ ದೇಶಕ್ಕೆ ನೀರಾವರಿಯಾಗಲಿ ವಿದ್ಯುತ್ತಾಗಲಿ ಬೇಡವೆನ್ನಲು ಹೊರಗಿನವರಿಗೆ ಬಾಯಿಲ್ಲ. ಮೂರೂ ದೇಶಗಳು 1994ರಲ್ಲಿ ರಚಿಸಿಕೊಂಡ ಜಂಟಿ ನದಿ ಆಯೋಗ ನೀರಿನ ಪಾಲಿನ ಜೊತೆಗೆ ಮರಳಿನ ಪಾಲನ್ನೂ ಗೊತ್ತುಪಡಿಸಬೇಕು: ಮೇಲ್ಭಾಗದ ಯಾವ ಒಡ್ಡಿಗೇ ಆಗಲಿ ತಳಮಟ್ಟದಲ್ಲಿ ತೂಬಿರಬೇಕು, ಪ್ರವಾಹದ ವಾರಗಳಲ್ಲಿ ಅದನ್ನು ಪೂರ್ತಿ ತೆರೆದಿಡಬೇಕು, ಆಗ ಕೈತಪ್ಪುವ ವಿದ್ಯುತ್ತನ್ನು ಮೊದಲ ಅಂದಾಜುಪಟ್ಟಿಯಲ್ಲೇ ಖರ್ಚೆಂದು ಬರೆದುಕೊಳ್ಳಬೇಕು.