ಬೋಗಿ ಕಳಚಿದಾಗ ಬ್ರೇಕ್ ಹಾಕುವವರು ಯಾರು?

ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿ ನಿವೃತ್ತ ರೈಲ್ವೆ ಎಂಜಿನಿಯರ್ ಒಬ್ಬ ನೆಲೆಸಿದರೆ, ಸುತ್ತಮುತ್ತಲಿನವರ ರೈಲಿನ ಪ್ರಶ್ನೆಗಳೆಲ್ಲ ಅವನ ಜಗಲಿಗೇ ಬರುತ್ತವೆ. ಕೊಡಗಿನವರು ರೈಲು ಹತ್ತಬೇಕಾದರೆ ಮೈಸೂರಿಗೋ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ, ವಿರಾಜಪೇಟೆಯ ಕಡೆಯವರಾದರೆ ಮಾಕುಟ್ಟ ದಾಟಿ ತಲಶ್ಶೇರಿಗೋ ಹೋಗಬೇಕು. ಕಳೆದ ವಾರ ಗೋಣಿಕೊಪ್ಪದ ಕಾಫಿ ಬೆಳೆಗಾರರೊಬ್ಬರು ಎರಡು ತುಂಡಾಗಿ ನಿಂತ ರೈಲಿನ ವಿಡಿಯೊವನ್ನು ಮೊಬೈಲಿನಲ್ಲಿ ತೋರಿಸಿ, “ಎಂಜಿನ್ ಇಲ್ಲದ ಹಿಂದಿನ ಅರ್ಧಕ್ಕೆ ಬ್ರೇಕ್ ಹಾಕಿದವರು ಯಾರು ಸರ್?” ಎಂದು ಕೇಳಿದರು. ಹಿಂದಿನ ವರ್ಷ ಅವರ ತೋಟದ ಏರಿನಲ್ಲಿ ಟ್ರ್ಯಾಕ್ಟರಿನ ಪಿನ್ನು ಮುರಿದು, ಕಾಫಿ ಮೂಟೆ ತುಂಬಿದ್ದ ಟ್ರೇಲರ್ ಹಿಂದಕ್ಕೆ ಉರುಳಿ ಗದ್ದೆಗೆ ಬಿದ್ದಿತ್ತು. ರೈಲಿನ ಬೋಗಿಗಳೂ ಹಾಗೆಯೇ ಏಕೆ ಉರುಳಲಿಲ್ಲ ಎಂಬುದು ಅವರ ಪ್ರಶ್ನೆಯ ಒಳಗಿದ್ದ ಪ್ರಶ್ನೆ.

ಟ್ರೇಲರಿಗೂ ಬೋಗಿಗೂ ಇರುವ ವ್ಯತ್ಯಾಸ ಗಾಳಿಯಲ್ಲಿದೆ. ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಬ್ರೇಕ್ ಪೈಪ್ ಎಂಬ ಕೊಳವೆ ಹಾದುಹೋಗುತ್ತದೆ. ರೈಲು ಓಡುವಾಗ ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರಬೇಕು. ಪ್ರತಿ ಬೋಗಿಯ ಅಡಿಯಲ್ಲಿಯೂ ಅದರದ್ದೇ ಆದ ಗಾಳಿಯ ಟ್ಯಾಂಕು ಮತ್ತು ಡಿಸ್ಟ್ರಿಬ್ಯೂಟರ್ ವಾಲ್ವ್ ಇರುತ್ತವೆ. ಈ ವಾಲ್ವ್ ಬ್ರೇಕ್ ಪೈಪಿನ ಒತ್ತಡವನ್ನು ಸದಾ ಗಮನಿಸುತ್ತಿದ್ದು, ಒತ್ತಡ ಇಳಿದ ಕೂಡಲೇ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ. ಬ್ರೇಕ್ ಹಾಕುವುದೆಂದರೆ ಎಂಜಿನ್ನಿನಿಂದ ಗಾಳಿ ಕಳುಹಿಸುವುದು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಲೋಕೋ ಪೈಲಟ್ ಪೈಪಿನಿಂದ ಗಾಳಿಯನ್ನು ಹೊರಗೆ ಬಿಡುತ್ತಾನೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಬ್ರೇಕು ಗಾಳಿ ಕಳುಹಿಸುವ ಬಗೆಯದ್ದೇ ಆಗಿತ್ತು, ಆದ್ದರಿಂದ ಪೈಪು ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವರೇ ಅದನ್ನು ತಿರುವುಮುರುವು ಮಾಡಿದರು.

ಈಗ 110 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ರೈಲಿನ ನಡುವೆ ಕೊಂಡಿ ಕಳಚಿತು ಎಂದುಕೊಳ್ಳಿ. ಬೋಗಿಗಳ ನಡುವಿನ ರಬ್ಬರ್ ಹೋಸ್ ಪೈಪುಗಳು ಹಿಗ್ಗಿ, ಅವುಗಳ ತುದಿಯ ಲೋಹದ ಜೋಡಣೆ ಬಿಟ್ಟುಕೊಂಡು, ದೊಡ್ಡ ಸದ್ದಿನೊಡನೆ ಗಾಳಿ ಹೊರನುಗ್ಗುತ್ತದೆ. ಒತ್ತಡದ ಕುಸಿತವು ಮುರಿದ ಜಾಗದಿಂದ ಎರಡೂ ದಿಕ್ಕಿಗೆ, ಶಬ್ದದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ಸಾಗುತ್ತದೆ. 24 ಬೋಗಿಗಳ ರೈಲು ಅರ್ಧ ಕಿಲೋಮೀಟರಿಗಿಂತ ಉದ್ದವಿದ್ದರೂ ಎರಡು ಮೂರು ಸೆಕೆಂಡುಗಳಲ್ಲಿ ಎಲ್ಲ ಬೋಗಿಗಳಿಗೂ ಸುದ್ದಿ ಮುಟ್ಟಿರುತ್ತದೆ. ಹಿಂದಿನ ಭಾಗಕ್ಕೆ ಬ್ರೇಕ್ ಹಾಕಿದವರು ಯಾರೂ ಇಲ್ಲ, ಕೊಂಡಿ ಕಳಚಿದ್ದೇ ಬ್ರೇಕ್ ಹಾಕಿತು ಎಂಬುದು ನಾನು ಆ ಬೆಳೆಗಾರರಿಗೆ ಕೊಟ್ಟ ಉತ್ತರ.

ಹಾಗೆಂದು ಆತಂಕಕ್ಕೆ ಕಾರಣವೇ ಇಲ್ಲವೆಂದಲ್ಲ. ಎರಡು ಭಾಗಗಳೂ ಒಂದೇ ಹಳಿಯ ಮೇಲೆ ಒಂದರ ಹಿಂದೊಂದು ಓಡುತ್ತಿರುವುದರಿಂದ, ಮುಂದಿನದು ಬೇಗ ನಿಂತರೆ ಹಿಂದಿನದು ಬಂದು ಗುದ್ದಬಹುದು. ಆದ್ದರಿಂದಲೇ ರೈಲು ತುಂಡಾದದ್ದು ತಿಳಿದಾಗ ಲೋಕೋ ಪೈಲಟ್ ಗಾಬರಿಯಿಂದ ನಿಲ್ಲಿಸದೆ, ಎರಡು ಭಾಗಗಳು ಡಿಕ್ಕಿಯಾಗದಂತೆ ಎಚ್ಚರದಿಂದ ನಿಲ್ಲಿಸಬೇಕೆಂದು ನಿಯಮವಿದೆ. ಅವನು ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ, ಒಂದು ಗಿಡ್ಡ ಸೀಟಿ ಊದುತ್ತಾನೆ. 2022ರಿಂದ ಟ್ರೈನ್ ಮ್ಯಾನೇಜರ್ ಎನಿಸಿಕೊಂಡಿರುವ ಗಾರ್ಡ್, ಹಗಲಿನಲ್ಲಿ ಹಸಿರು ಬಾವುಟವನ್ನು, ರಾತ್ರಿ ಹಸಿರು ದೀಪವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾನೆ. ಅಪಾಯದ ಹೊತ್ತಿನಲ್ಲಿ ಕೆಂಪಿನ ಬದಲು ಹಸಿರೇಕೆ ಎಂದು ತರಬೇತಿಗೆ ಬಂದ ಹುಡುಗರು ಪ್ರತಿ ಸಲವೂ ಕೇಳುತ್ತಿದ್ದರು. ಕೆಂಪು ಕಂಡರೆ ಮುಂದಿನವನು ತಟ್ಟನೆ ನಿಂತುಬಿಡುತ್ತಾನೆ, ಅದೇ ಬೇಡವಾಗಿರುವುದು.

ನಿಂತ ಮೇಲೂ ಕೆಲಸವಿದೆ. ಟ್ಯಾಂಕಿನ ಗಾಳಿ ನಿಧಾನವಾಗಿ ಸೋರುತ್ತದೆಯಾದ್ದರಿಂದ ಕೈಬ್ರೇಕ್ ಬಿಗಿದು, ಚಕ್ರಗಳಿಗೆ ಮರದ ಬೆಣೆ ಕೊಡಬೇಕು. ನಮಗೆ ಹತ್ತಿರದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಂತಹ ಜಾಗದಲ್ಲಿ, 50 ಅಡಿಗೆ 1 ಅಡಿ ಏರುವ ಹಳಿಯ ಮೇಲೆ, ಇದನ್ನು ಮರೆಯುವಂತಿಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾದಲ್ಲಿ ಏರು ಹತ್ತಲಾರದ ಪ್ರವಾಸದ ರೈಲೊಂದನ್ನು ಸಿಬ್ಬಂದಿಯೇ ಎರಡು ಭಾಗ ಮಾಡಿದರು. ಕಳಚಿದರೆ ತಾನೇ ಹಿಡಿಯುವ ಬ್ರೇಕು ಅದಕ್ಕಿರಲಿಲ್ಲ. ಹಿಂದಿನ 10 ಬೋಗಿಗಳನ್ನು ತಡೆದದ್ದು ಒಂದು ಕೈಬ್ರೇಕ್ ಮತ್ತು ಚಕ್ರಗಳ ಹಿಂದೆ ಇಟ್ಟ ಕೆಲವು ಕಲ್ಲುಗಳು, ನಮ್ಮ ತೋಟಗಳಲ್ಲಿ ಜೀಪಿಗೆ ಇಡುವಂತೆಯೇ. ಮುಂದಿನ ಭಾಗ ತುಸು ಹಿಂದಕ್ಕೆ ಜರುಗಿ ತಗುಲಿದ್ದಷ್ಟೇ ಸಾಕಾಯಿತು. ಬೋಗಿಗಳು ಇಳಿಜಾರಿನಲ್ಲಿ ಓಡಿ, ಹಿಂದಿನಿಂದ ಬರುತ್ತಿದ್ದ ರೈಲಿಗೆ ಅಪ್ಪಳಿಸಿ 80 ಜನ ಸತ್ತರು. ತಾನಾಗಿ ಹಿಡಿಯುವ ಬ್ರೇಕನ್ನು ಪ್ರಯಾಣಿಕರ ರೈಲುಗಳಿಗೆ ಕಡ್ಡಾಯ ಮಾಡುವ ಕಾನೂನು ಬ್ರಿಟನ್ನಿನಲ್ಲಿ ಅದೇ ವರ್ಷ ಬಂದಿತು.

ಕೊಂಡಿ ಏಕೆ ಬಿಡುತ್ತದೆ ಎಂಬುದನ್ನು ಕಳಚಿದ ಕೊಂಡಿಯೇ ಬಹುಮಟ್ಟಿಗೆ ಹೇಳುತ್ತದೆ. ಚೆನ್ನೈ ಕಾರ್ಖಾನೆಯ ಹಳೆಯ ವಿನ್ಯಾಸದ ನೀಲಿ ಐಸಿಎಫ್ ಬೋಗಿಗಳಲ್ಲಿ ಕೊಕ್ಕೆಗೆ ಸಿಕ್ಕಿಸಿ ತಿರುಚಿ ಬಿಗಿಯುವ ಸ್ಕ್ರೂ ಕಪ್ಲಿಂಗ್ ಇರುತ್ತದೆ. ಜರ್ಮನ್ ವಿನ್ಯಾಸದ ಹೊಸ ಬಗೆಯ ಎಲ್‌ಎಚ್‌ಬಿ ಬೋಗಿಗಳ ಕಪ್ಲರುಗಳು, ಅಂದರೆ ಕೊಂಡಿಗಳು, ಎರಡು ಕೈಗಳ ಬೆರಳು ಮಡಚಿ ಹಿಡಿದಂತೆ ಒಂದನ್ನೊಂದು ಕಚ್ಚಿ, ಒಳಗೆ ಲಾಕ್ ಬೀಳುತ್ತದೆ. ಈ ಲಾಕ್ ಪೂರ್ತಿ ಕೂರದಿದ್ದರೆ ಅಥವಾ ಸವೆದಿದ್ದರೆ ಏನೂ ಮುರಿಯದೆಯೇ ಬೋಗಿ ಕಳಚಿಕೊಳ್ಳಬಹುದು. ಮುರಿದಿದ್ದರೆ ನಾವು ಮೊದಲು ನೋಡುತ್ತಿದ್ದದ್ದು ಮುರಿದ ಮುಖದ ಬಣ್ಣವನ್ನು: ಪೂರ್ತಿ ಹೊಳೆಯುತ್ತಿದ್ದರೆ ಆ ಕ್ಷಣದ ಜಗ್ಗಾಟ ಮೀರಿತ್ತು ಎಂದರ್ಥ, ಒಂದು ಭಾಗ ತುಕ್ಕು ಹಿಡಿದು ಕಂದಾಗಿದ್ದರೆ ಬಿರುಕು ಬಹಳ ದಿನಗಳಿಂದ ಬೆಳೆಯುತ್ತಿತ್ತು, ಯಾರೋ ಅದನ್ನು ತಪಾಸಣೆಯಲ್ಲಿ ಕಾಣದೆ ಹೋದರು ಎಂದರ್ಥ.

ಇಷ್ಟು ವರ್ಷ ಬೋಗಿಗಳ ಅಡಿಯಲ್ಲಿ ನುಸುಳಿದ ಮೇಲೆ, ಕಳಚಿದ ಕೊಂಡಿಗಿಂತ ಮುಚ್ಚಿದ ಆಂಗಲ್ ಕಾಕ್ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಇದು ಬೋಗಿಯ ಎರಡೂ ತುದಿಯಲ್ಲಿ ಬ್ರೇಕ್ ಪೈಪನ್ನು ಮುಚ್ಚಲು ಇರುವ ಸಣ್ಣ ಹಿಡಿ. ನಡುವೆ ಇದು ಮುಚ್ಚಿದ್ದರೆ, ಅದರ ಹಿಂದಿನ ಬೋಗಿಗಳಿಂದ ಗಾಳಿ ಹೊರಹೋಗದೆ, ಲೋಕೋ ಪೈಲಟ್ ಬ್ರೇಕ್ ಹಾಕಿದ ಸಂಗತಿಯೇ ಅವುಗಳಿಗೆ ಗೊತ್ತಾಗುವುದಿಲ್ಲ. 1988ರಲ್ಲಿ ಪ್ಯಾರಿಸ್ಸಿನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ 56 ಜನರನ್ನು ಬಲಿ ತೆಗೆದುಕೊಂಡದ್ದು ತಪ್ಪಾಗಿ ಮುಚ್ಚಿದ ಇಂತಹದೇ ಒಂದು ಹಿಡಿ. ಅಲ್ಲಿ ಯಾವ ಕೊಂಡಿಯೂ ಮುರಿದಿರಲಿಲ್ಲ. ರೈಲು ಹೊರಡುವ ಮುನ್ನ ಕೊನೆಯ ಬೋಗಿಯವರೆಗೂ ಒತ್ತಡ ಏರುತ್ತದೆಯೇ, ಬ್ರೇಕ್ ಹಾಕಿದರೆ ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಗಾಗಿ ಹತ್ತು ನಿಮಿಷ ತಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಗೊಣಗುವವರ ನಡುವೆ ನಾನು ಮಾತ್ರ ಸುಮ್ಮನೆ ಕುಳಿತಿರುತ್ತೇನೆ.

ಪ್ರಯಾಣಿಕರಿಗೆ ಹೇಳಬೇಕಾದದ್ದು ಸ್ವಲ್ಪವೇ. ಓಡುವ ರೈಲಿನಲ್ಲಿ ಎರಡು ಬೋಗಿಗಳ ನಡುವಿನ ಹಾದಿಯಲ್ಲಿ ನಿಂತು ಹರಟಬಾರದು, ಏಕೆಂದರೆ ಕೊಂಡಿ ಬಿಟ್ಟರೆ ಕಾಲಡಿಯ ತಗಡು ಮೊದಲು ಹೋಗುತ್ತದೆ. ರೈಲು ತುಂಡಾಗಿ ನಿಂತಾಗ ನೋಡುವ ಕುತೂಹಲಕ್ಕೆ ಪಕ್ಕದ ಹಳಿಯ ಕಡೆಗೆ ಇಳಿಯಬಾರದು. ಆ ಹಳಿಯಲ್ಲಿ ಬರುವ ರೈಲಿಗೆ ಇನ್ನೂ ಸುದ್ದಿ ಮುಟ್ಟಿರಲಿಕ್ಕಿಲ್ಲ.